ನಲವತ್ತು ದಾಟಿದ ಮೇಲೂ ಇಟ್ಟಿಗೆ ಆಟ



ನಾವು ಅಣ್ಣತಮ್ಮಂದಿರು. ಇಬ್ಬರಿಗೂ ನಲವತ್ತು ದಾಟಿದೆ. ಹುಟ್ಟಿ ಬೆಳೆದದ್ದು ಕಲ್ಯಾಣದುರ್ಗದಲ್ಲಿ, ಈಗ ಹೊಟ್ಟೆಪಾಡು ಹಿಂದೂಪುರದಲ್ಲಿ. ಬೀದಿಯಲ್ಲಿ ತೆಲುಗು, ಮನೆಯೊಳಗೆ ಕನ್ನಡ. ಪಾವಗಡದ ಮೇಲೆ ಊರಿಗೆ ಹೊರಟರೆ ಆಂಧ್ರ ಬಿಟ್ಟು ಕರ್ನಾಟಕ, ಮತ್ತೆ ಕರ್ನಾಟಕ ಬಿಟ್ಟು ಆಂಧ್ರ. ಗಡಿ ಇಲ್ಲಿ ಹಾಗೆ ಒಂದರೊಳಗೊಂದು ಸೇರಿಕೊಂಡಿದೆ. ನಮ್ಮ ಮಾತೂ ಹಾಗೆಯೇ.

ನಮಗೊಂದು ಹವ್ಯಾಸ ಇದೆ. ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಒತ್ತಿ ಮನೆ, ಸೇತುವೆ, ರೈಲುಗಾಡಿ ಕಟ್ಟುವುದು. ಹೌದು, ಮಕ್ಕಳು ಆಡುವ ಲೆಗೊ. ಭಾನುವಾರ ಪೂಜೆ ಮುಗಿದ ಮೇಲೆ ಯಾರಾದರೂ ನಮ್ಮ ಕೈಯಲ್ಲಿ ಆ ಡಬ್ಬಿ ಕಂಡರೆ "ಮಕ್ಕಳಿಗಾ?" ಎಂದು ಕೇಳುತ್ತಾರೆ. "ಇಲ್ಲ, ನಮಗೇ" ಎಂದರೆ ಒಂದು ಕ್ಷಣ ಸುಮ್ಮನಾಗಿ, ಆಮೇಲೆ ನಗುತ್ತಾರೆ. ಕಳೆದ ಸಲ ಯುವಕರ ಕೂಟದಲ್ಲಿ ಈ ಮಾತು ಬಂದಾಗ ಹಲವರು ಕುತೂಹಲದಿಂದ ಕೇಳಿದ್ದರಿಂದ, ಈ ಆಟ ಏನು, ನಮ್ಮಂಥವರು ಯಾಕೆ ಆಡುತ್ತೇವೆ, ಅದರಿಂದ ನಮ್ಮ ಮನೆಯಲ್ಲಿ ಏನಾಯಿತು ಎಂಬುದನ್ನು ಇಲ್ಲಿ ಹೇಳುತ್ತೇವೆ.

ಒಬ್ಬ ಬಡಗಿಯ ಕಥೆ

ಲೆಗೊ ಹುಟ್ಟಿದ್ದು ಡೆನ್ಮಾರ್ಕಿನ ಬಿಲುಂಡ್ ಎಂಬ ಹಳ್ಳಿಯಲ್ಲಿ. ಓಲೆ ಕಿರ್ಕ್ ಕ್ರಿಸ್ಟಿಯಾನ್ಸೆನ್ ಅಲ್ಲಿ ಬಡಗಿ. ಮನೆ ಕಟ್ಟುವುದು, ಕಿಟಕಿ ಬಾಗಿಲು ಮಾಡುವುದು ಅವರ ಕೆಲಸ. ಲೋಕವೆಲ್ಲ ಆರ್ಥಿಕ ಕುಸಿತದಲ್ಲಿದ್ದ ಕಾಲ. ಮನೆ ಕಟ್ಟಿಸುವ ರೈತರೇ ಇಲ್ಲ, ಕೆಲಸ ನಿಂತುಹೋಯಿತು. 1932ರಲ್ಲಿ ಹೆಂಡತಿಯೂ ತೀರಿಕೊಂಡರು. ನಾಲ್ಕು ಗಂಡುಮಕ್ಕಳು, ಕೈಯಲ್ಲಿ ಕಾಸಿಲ್ಲ. ಅದೇ ವರ್ಷ ಅವರು ಉಳಿದ ಮರದಲ್ಲಿ ಆಟಿಕೆ ಮಾಡಲು ಶುರು ಮಾಡಿದರು. 1934ರಲ್ಲಿ ಅದಕ್ಕೆ ಲೆಗೊ ಎಂದು ಹೆಸರಿಟ್ಟರು. "ಚೆನ್ನಾಗಿ ಆಡು" ಎಂಬ ಅರ್ಥದ ಎರಡು ಡೇನಿಷ್ ಪದಗಳನ್ನು ಸೇರಿಸಿ ಮಾಡಿದ ಹೆಸರು ಅದು.

ಓಲೆ ಕಿರ್ಕ್ ಗಟ್ಟಿ ವಿಶ್ವಾಸಿ. ಅವರ ಬಗ್ಗೆ ಆ ಕಂಪನಿಯವರು ಇಂದಿಗೂ ಹೇಳುವ ಪ್ರಸಂಗ ಒಂದಿದೆ. ಮಗ ಗಾಟ್‌ಫ್ರೆಡ್ ಒಮ್ಮೆ ಮರದ ಬಾತುಕೋಳಿಗಳಿಗೆ ಮೂರು ಸಲ ಬಳಿಯಬೇಕಾದ ವಾರ್ನಿಷ್ ಎರಡೇ ಸಲ ಬಳಿದು, ದುಡ್ಡು ಉಳಿಸಿದೆ ಎಂದು ಹೆಮ್ಮೆಯಿಂದ ಹೇಳಿದ. ಅಪ್ಪ ಒಪ್ಪಲಿಲ್ಲ. ರೈಲು ನಿಲ್ದಾಣಕ್ಕೆ ಹೋಗಿದ್ದ ಪೆಟ್ಟಿಗೆಗಳನ್ನು ವಾಪಸು ತರಿಸಿ, ಮೂರನೆಯ ಸಲ ಬಳಿದು ಮತ್ತೆ ಕಳಿಸುವಂತೆ ಹೇಳಿದರು. ಮಗ ರಾತ್ರಿಯೆಲ್ಲ ಒಬ್ಬನೇ ಕೂತು ಅದನ್ನು ಮಾಡಿದ. ಮೂರನೆಯ ಬಳಿತ ಇದೆಯೋ ಇಲ್ಲವೋ ಕೊಳ್ಳುವವರಿಗೆ ಗೊತ್ತಾಗುತ್ತಿರಲಿಲ್ಲ. ಮಾಡುವವರಿಗೆ ಗೊತ್ತಿತ್ತು.

ಮುಂದೆ ಪ್ಲಾಸ್ಟಿಕ್ ಅಚ್ಚಿನ ಯಂತ್ರ ಬಂತು. 1949ರಲ್ಲಿ ಮೊದಲ ಪ್ಲಾಸ್ಟಿಕ್ ಇಟ್ಟಿಗೆ ತಯಾರಾಯಿತು. ಅದಕ್ಕೆ ಮೊದಲೇ ಇಂಗ್ಲೆಂಡಿನಲ್ಲಿ ಹಿಲರಿ ಪೇಜ್ ಎಂಬವರು ಕಿಡ್ಡಿಕ್ರಾಫ್ಟ್ ಹೆಸರಲ್ಲಿ ಅಂಥ ಇಟ್ಟಿಗೆ ಮಾಡಿದ್ದರು, ಅದನ್ನು ನೋಡಿಯೇ ಡೆನ್ಮಾರ್ಕಿನವರು ಕಲಿತದ್ದು. ಆದರೆ ಆ ಇಟ್ಟಿಗೆಯ ಕೆಳಗೆ ಬರೀ ಟೊಳ್ಳು. ಮೇಲೆ ಮೇಲೆ ಇಟ್ಟರೆ ಗಟ್ಟಿಯಾಗಿ ಕೂರದೆ ಜಾರುತ್ತಿತ್ತು. ಆ ಟೊಳ್ಳಿನೊಳಗೆ ಕೊಳವೆಗಳನ್ನು ಇಟ್ಟರೆ ಕೆಳಗಿನ ಇಟ್ಟಿಗೆಯ ಉಬ್ಬುಗಳನ್ನು ಅವು ಮೂರು ಕಡೆಯಿಂದ ಹಿಡಿಯುತ್ತವೆ ಎಂಬುದನ್ನು ಕಂಡುಕೊಂಡು, ಗಾಟ್‌ಫ್ರೆಡ್ 1958ರ ಜನವರಿ 28ರಂದು ಹಕ್ಕುಸ್ವಾಮ್ಯಕ್ಕೆ ಅರ್ಜಿ ಹಾಕಿದರು. ಅದಾಗಿ ಎರಡು ತಿಂಗಳೊಳಗೆ ಓಲೆ ಕಿರ್ಕ್ ತೀರಿಕೊಂಡರು. ಆ 1958ರ ಇಟ್ಟಿಗೆಯ ಅಳತೆ ಇವತ್ತಿಗೂ ಬದಲಾಗಿಲ್ಲ. ಅಜ್ಜ ಆಡಿದ ಇಟ್ಟಿಗೆಯ ಮೇಲೆ ಮೊಮ್ಮಗಳು ನಿನ್ನೆ ಕೊಂಡ ಇಟ್ಟಿಗೆ ಕೂರುತ್ತದೆ.

ದೊಡ್ಡವರಿಗೆ ಇದರಲ್ಲಿ ಏನಿದೆ?

ಎಂಟು ಉಬ್ಬಿನ ಇಟ್ಟಿಗೆ ನೀವೆಲ್ಲ ನೋಡಿರುತ್ತೀರಿ, ಎರಡು ಸಾಲು, ಸಾಲಿಗೆ ನಾಲ್ಕು. ಒಂದೇ ಬಣ್ಣದ ಅಂಥ ಎರಡು ಇಟ್ಟಿಗೆಗಳನ್ನು 24 ಬಗೆಯಲ್ಲಿ ಜೋಡಿಸಬಹುದು. ಮೂರಾದರೆ 1,060 ಬಗೆ. ಆರು ಇಟ್ಟಿಗೆಗೆ ಎಷ್ಟು ಎಂದು ಕಂಪನಿಯವರು ಬಹಳ ವರ್ಷ ಹತ್ತು ಕೋಟಿ ಚಿಲ್ಲರೆ ಎನ್ನುತ್ತಿದ್ದರು. ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಗಣಿತಜ್ಞ ಸೋರೆನ್ ಐಲರ್ಸ್ ಸರಿಯಾಗಿ ಲೆಕ್ಕ ಹಾಕಿ ತೋರಿಸಿದರು: 91,51,03,765. ಹಳೆಯ ಲೆಕ್ಕದಲ್ಲಿ ಆರು ಅಂತಸ್ತಿನ ಗೋಪುರಗಳನ್ನು ಮಾತ್ರ ಎಣಿಸಿದ್ದರಂತೆ, ಅಗಲಕ್ಕೆ ಹರಡಿದವುಗಳನ್ನು ಬಿಟ್ಟಿದ್ದರು. ಅಂಗೈಯಲ್ಲಿ ಹಿಡಿಯುವ ಆರು ತುಂಡು, ತೊಂಬತ್ತೊಂದು ಕೋಟಿ ದಾರಿ!

ಲೋಕದಲ್ಲಿ ನಮ್ಮಂಥ ದೊಡ್ಡ ವಯಸ್ಸಿನ ಅಭಿಮಾನಿಗಳು ಲಕ್ಷಗಟ್ಟಲೆ ಇದ್ದಾರೆ. 2020ರಿಂದ ಕಂಪನಿಯೇ ದೊಡ್ಡವರ ಡಬ್ಬಿಗಳ ಮೇಲೆ 18+ ಎಂದು ಅಚ್ಚು ಹಾಕುತ್ತಿದೆ. 2008ರಲ್ಲಿ ಬಂದ ತಾಜ್ ಮಹಲ್ ಡಬ್ಬಿಯಲ್ಲಿ 5,922 ತುಂಡುಗಳಿದ್ದವು, ಆ ಕಾಲಕ್ಕೆ ಅದೇ ಎಲ್ಲಕ್ಕಿಂತ ದೊಡ್ಡದು. ಅಭಿಮಾನಿಗಳಲ್ಲಿ ತಮಾಷೆಯ ನಿಯಮಗಳೂ ಇವೆ. ಇಟ್ಟಿಗೆಯನ್ನು ಬಗ್ಗಿಸಿ, ಒತ್ತಡ ಕೊಟ್ಟು ಕೂರಿಸುವ ಜೋಡಣೆಯನ್ನು ಅವರು "ಕಾನೂನುಬಾಹಿರ" ಎನ್ನುತ್ತಾರೆ. ಯಾರೂ ಜೈಲಿಗೆ ಹಾಕುವುದಿಲ್ಲ, ಆದರೂ ಗೊತ್ತಿದ್ದವರು ಹಾಗೆ ಮಾಡುವುದಿಲ್ಲ. ಮಾಡಿದರೆ ತುಂಡಿಗೆ ನೋವು, ನಾಳೆ ಅದು ಇನ್ನೊಂದರ ಜೊತೆ ಸರಿಯಾಗಿ ಕೂರುವುದಿಲ್ಲ.

ನಮಗಂತೂ ಇದು ದಿನದ ಕೊನೆಯ ಒಂದು ಗಂಟೆ. ಕೆಲಸದಿಂದ ಬಂದು, ಊಟ ಮುಗಿಸಿ, ಚಾಪೆ ಹಾಸಿ ಕೂರುತ್ತೇವೆ. ಮೊಬೈಲು ದೂರ ಇರುತ್ತದೆ, ಎರಡು ಕೈಗೂ ಕೆಲಸ ಇರುತ್ತದೆ. ಒಬ್ಬ ಹುಡುಕುತ್ತಾನೆ, ಒಬ್ಬ ಕಟ್ಟುತ್ತಾನೆ. ಒಂದೇ ಊರಲ್ಲಿದ್ದೂ ಹಬ್ಬಕ್ಕೆ ಮಾತ್ರ ಮಾತಾಡುವ ಅಣ್ಣತಮ್ಮಂದಿರು ಎಷ್ಟಿಲ್ಲ! ನಾವು ವಾರಕ್ಕೆ ನಾಲ್ಕು ದಿನ ಎದುರುಬದುರು ಕೂರುತ್ತೇವೆ. ಹೆಚ್ಚು ಮಾತೇನೂ ಇರುವುದಿಲ್ಲ. "ಆ ಉದ್ದಂದು ಕೊಡೋ", "ಆರರದ್ದಾ, ಎಂಟರದ್ದಾ?" ಇಷ್ಟೇ. ಆದರೆ ಮನೆಯ ಕಷ್ಟಸುಖ, ಸಾಲ, ಮಕ್ಕಳ ಓದು, ಅಪ್ಪನ ಆರೋಗ್ಯ ಎಲ್ಲವೂ ಆ ನಡುವೆಯೇ ಮಾತಿಗೆ ಬಂದು ತೀರ್ಮಾನವಾಗಿವೆ.

ಅಪ್ಪ ಕೇಳಿದ ಪ್ರಶ್ನೆ

ಈಗ ದುಡ್ಡಿನ ಮಾತು. ಇದು ಅಗ್ಗದ ಆಟ ಅಲ್ಲ. ಹೊರದೇಶದ ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇ 20ರಿಂದ ಶೇ 60ಕ್ಕೆ ಏರಿತು, 2023ರಲ್ಲಿ ಶೇ 70 ಆಯಿತು. ದೊಡ್ಡ ಡಬ್ಬಿಗಳಲ್ಲಿ ಕೆಲವಕ್ಕೆ ಒಬ್ಬ ಗಾರೆ ಮೇಸ್ತ್ರಿಯ ಇಡೀ ತಿಂಗಳ ಕೂಲಿಗಿಂತ ಹೆಚ್ಚು ಬೆಲೆ. ಮೇಸ್ತ್ರಿಯ ಕೂಲಿಯ ಲೆಕ್ಕ ನಮಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಮ್ಮಪ್ಪ ಗಾರೆ ಮೇಸ್ತ್ರಿ. ನಲವತ್ತು ವರ್ಷ ಕಲ್ಯಾಣದುರ್ಗದ ಸುತ್ತಮುತ್ತ ಗೋಡೆ ಎಬ್ಬಿಸಿದವರು. ಮೊದಲು ಇಟ್ಟಿಗೆ ಹೊತ್ತರು, ಆಮೇಲೆ ಕರಣೆ ಹಿಡಿದರು. ಈಗ ಮಂಡಿ ನೋವು, ಸಾರುವೆ ಹತ್ತುವುದಿಲ್ಲ. ಬೆರಳಿನ ತುದಿಗಳು ಸಿಮೆಂಟಿಗೆ ಸವೆದು ನುಣುಪಾಗಿವೆ.

ಒಂದು ರಜೆಯಲ್ಲಿ ಊರಿಗೆ ಹೋದಾಗ ನಮ್ಮ ಡಬ್ಬಿಗಳನ್ನೂ ತೆಗೆದುಕೊಂಡು ಹೋಗಿದ್ದೆವು. ಅಪ್ಪ ಜಗಲಿಯ ಮೇಲೆ ಕೂತು ಸುಮಾರು ಹೊತ್ತು ನೋಡಿದರು. ಬೆಲೆ ಕೇಳಿದರು. ಹೇಳಿದೆವು. ಅವರು ದನಿ ಏರಿಸಲಿಲ್ಲ.

"ನೀವಿಬ್ರೂ ಇಟ್ಗೆ ಮುಟ್ಬಾರ್ದು ಅಂತ ನಾನು ಇಟ್ಗೆ ಹೊತ್ತೆ. ಈಗ ನೀವು ದುಡ್ ಕೊಟ್ಟು ಇಟ್ಗೆ ತರ್ತೀರಾ?"

ನಮಗೆ ಉತ್ತರ ಹೊಳೆಯಲಿಲ್ಲ. ಇವತ್ತಿಗೂ ಆ ಮಾತಿಗೆ ಪೂರ್ತಿ ಉತ್ತರ ನಮ್ಮಲ್ಲಿ ಇಲ್ಲ. ಹವ್ಯಾಸ ಎಂದರೆ ಏನು ಎಂದು ಅವರಿಗೆ ವಿವರಿಸುವುದು ಹೇಗೆ? ಅವರಿಗೆ ಅಂಥದ್ದೊಂದು ಇರಲೇ ಇಲ್ಲ. ಅವರ ಸಂಜೆಗಳೆಲ್ಲ ಮರುದಿನದ ಕೆಲಸಕ್ಕೆ ಮೈ ಸುಧಾರಿಸಿಕೊಳ್ಳುವುದರಲ್ಲೇ ಹೋದವು. ನಮಗೆ ಆಡಲು ಸಂಜೆ ಸಿಕ್ಕಿದ್ದು ಅವರು ಹೊತ್ತದ್ದರಿಂದ.

ಅಂದಿನಿಂದ ನಾವು ಒಂದು ಲೆಕ್ಕ ಇಟ್ಟುಕೊಂಡೆವು. ವರ್ಷಕ್ಕೆ ಇಷ್ಟೇ ಎಂದು ಒಂದು ಮೊತ್ತ. ದೊಡ್ಡ ಡಬ್ಬಿಗಳ ಆಸೆ ಇಲ್ಲ. ಬೆಂಗಳೂರಿನಲ್ಲಿ ಯಾರದ್ದೋ ಮಕ್ಕಳು ಬೆಳೆದು ಬಿಟ್ಟ ಬಿಡಿ ತುಂಡುಗಳನ್ನು ತರುತ್ತೇವೆ, ತೊಳೆದು ವಿಂಗಡಿಸುತ್ತೇವೆ. ಪುಸ್ತಕದಲ್ಲಿರುವ ನಮೂನೆ ಬಿಟ್ಟು ನಮ್ಮದೇ ಏನಾದರೂ ಕಟ್ಟೋಣ ಎಂದುಕೊಂಡೆವು. ಏನು ಕಟ್ಟುವುದು? ಹಿಂದೂಪುರದ ರೈಲು ನಿಲ್ದಾಣ ಎಂದ ಒಬ್ಬ, ಲೇಪಾಕ್ಷಿಯ ಕಂಬಗಳು ಎಂದ ಇನ್ನೊಬ್ಬ. ಕೊನೆಗೆ ಇಬ್ಬರೂ ಒಪ್ಪಿದ್ದು ನಮ್ಮ ಹಳೆಯ ಮನೆ.

ಮಾಳಿಗೆ ಮನೆ

ಅದು ಎರಡಂಕಣದ ಮಾಳಿಗೆ ಮನೆ. ತೆಲುಗರು ಮಿದ್ದೆ ಎನ್ನುತ್ತಾರೆ. ಕಲ್ಲುಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ತೊಲೆಯ ಮೇಲೆ ಮಣ್ಣಿನ ಚಪ್ಪಟೆ ಮಾಳಿಗೆ. ತಾತ ಶುರು ಮಾಡಿದ್ದು, ಅಪ್ಪ ಮುಗಿಸಿದ್ದು. ನಾವು ಕಾಲೇಜಿಗೆ ಹೋಗುವ ಹೊತ್ತಿಗೆ ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿದ್ದಾಯಿತು. ಹಳೆಯ ಮನೆಯ ಒಂದು ಫೋಟೊ ಕೂಡ ಇಲ್ಲ.

ನೆನಪಿನಿಂದ ಕಟ್ಟಲು ಕೂತರೆ ಜಗಳ. ಒಲೆ ಬಲಕ್ಕಿತ್ತು ಎಂದು ಒಬ್ಬ, ಎಡಕ್ಕೆ ಎಂದು ಇನ್ನೊಬ್ಬ. ಜಗಲಿಯ ಮೇಲೆ ಕೂತಿದ್ದ ಅಪ್ಪ ಕೇಳಿಸಿಕೊಂಡು, "ಬಾಗ್ಲಿಗೆ ಬೆನ್ ಹಾಕಿ ನಿಂತ್ಕೊಂಡ್ರೆ ಎಡಕ್ಕೆ. ಅದರ ಮೇಲೇ ಗವಾಕ್ಷಿ. ಹೊಗೆ ಮತ್ತೆಲ್ಲಿಂದ ಹೋಗ್ತಿತ್ತು?" ಎಂದರು. ಸ್ವಲ್ಪ ಹೊತ್ತಾದ ಮೇಲೆ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

ಗೋಡೆ ಎಷ್ಟು ದಪ್ಪ ಇತ್ತು ಎಂದು ಕೇಳಿದೆವು. "ಒಂದೂವರೆ ಮೊಳ." ಲೆಗೊ ಗೊಂಬೆ ನಾಲ್ಕು ಸೆಂಟಿಮೀಟರು ಎತ್ತರ. ಅದನ್ನು ಐದೂವರೆ ಅಡಿಯ ಮನುಷ್ಯ ಎಂದುಕೊಂಡರೆ ಮನೆ ನಿಜಕ್ಕಿಂತ ಸುಮಾರು ನಲವತ್ತು ಪಾಲು ಚಿಕ್ಕದಾಗಬೇಕು. ಒಂದು ಉಬ್ಬಿನಿಂದ ಇನ್ನೊಂದಕ್ಕೆ 8 ಮಿಲಿಮೀಟರು. ಒಂದೂವರೆ ಮೊಳದ ಗೋಡೆ ಎರಡು ಉಬ್ಬಿಗೆ ಸರಿಯಾಗಿ ಬಂತು. ಅಪ್ಪನ ಮೊಳ, ಡೆನ್ಮಾರ್ಕಿನ ಉಬ್ಬು ಎರಡೂ ಒಪ್ಪಿದ್ದು ನೋಡಿ ನಮಗೆ ಖುಷಿ. ಅಪ್ಪನಿಗೆ ಅದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ.

ನಮ್ಮ ಗೋಡೆಯ ಮೂಲೆ ನೋಡಿ ಅವರು ತಲೆಯಾಡಿಸಿದರು. "ಸಂದಿನ ಮೇಲೆ ಸಂದು ಬಂದೈತಲ್ಲೋ. ನಿಲ್ಲಲ್ಲ ಇದು." ಇಂಗ್ಲೆಂಡಿನ ಓಪನ್ ಯೂನಿವರ್ಸಿಟಿಯವರು 2012ರಲ್ಲಿ ನಾಲ್ಕು ಉಬ್ಬಿನ ಒಂದು ಚಿಕ್ಕ ಇಟ್ಟಿಗೆಯನ್ನು ಯಂತ್ರದಲ್ಲಿ ಒತ್ತಿ ನೋಡಿದಾಗ ಸುಮಾರು 430 ಕೆ.ಜಿ. ಭಾರದವರೆಗೆ ಅದು ತಡೆದಿತ್ತು ಎಂದು ನಾವು ಹೇಳಿದೆವು. ಅವರು ಕೇಳಿದರು, "ಮೇಲಿಂದ ಒತ್ತಿದ್ರೆ ತಡೀತೈತೆ. ಪಕ್ಕದಿಂದ ತಳ್ಳಿದ್ರೆ?" ಬೆರಳಲ್ಲಿ ಮೆಲ್ಲಗೆ ತಳ್ಳಿದರು. ಗೋಡೆ ಮೇಲಿಂದ ಕೆಳಗಿನವರೆಗೆ ನೇರವಾಗಿ ಸೀಳಿಕೊಂಡಿತು.

ಆಮೇಲೆ ಅವರೇ ಕಲಿಸಿದರು. ಒಂದು ವರಸೆಯ ಸಂದನ್ನು ಮೇಲಿನ ವರಸೆಯ ಇಟ್ಟಿಗೆ ನಡುಮಧ್ಯದಲ್ಲಿ ಮುಚ್ಚಬೇಕು. ಮೂಲೆಯಲ್ಲಿ ಒಂದು ಸಲ ಈ ಗೋಡೆಯ ಇಟ್ಟಿಗೆ ಹೊರಕ್ಕೆ ಬರಬೇಕು, ಮರು ವರಸೆಗೆ ಆ ಗೋಡೆಯದು. ಲೆಗೊ ಪುಸ್ತಕಗಳಲ್ಲಿ ನಾವು ಓದಿದ್ದೂ ಇದನ್ನೇ. ಆದರೆ ಹಾಗೆ ಯಾಕೆ ಎಂದು ಕೈಯಲ್ಲಿ ತಿಳಿದದ್ದು ಆ ದಿನ. ನಮ್ಮ ಮಕ್ಕಳು ಸುತ್ತ ಕೂತಿದ್ದರು. ತಾತ ಎಂದರೆ ಟಿವಿ ಮುಂದೆ ಕೂರುವವರು, ಮಂಡಿಗೆ ಎಣ್ಣೆ ಹಚ್ಚಿಕೊಳ್ಳುವವರು ಎಂದಷ್ಟೇ ಅವರಿಗೆ ಗೊತ್ತಿತ್ತು. ಊರಿನಲ್ಲಿ ಯಾವ ಯಾವ ಗೋಡೆ ಅವರದ್ದು ಎಂದು ಆ ಮಧ್ಯಾಹ್ನ ಮಕ್ಕಳು ಕೇಳುತ್ತಾ ಹೋದರು, ತಾತ ಹೇಳುತ್ತಾ ಹೋದರು. ನಾವೇ ಕೇಳಿರದಿದ್ದ ಎಷ್ಟೋ ಹೊರಗೆ ಬಂತು.

ಮಾಳಿಗೆಗೆ ಇಳಿಜಾರು ಬೇಕು, ಇಲ್ಲದಿದ್ದರೆ ಮಳೆನೀರು ನಿಂತು ಮಣ್ಣು ಕುಸಿಯುತ್ತದೆ ಎಂದರು. ತೆಳು ಪ್ಲೇಟಿನ ಎತ್ತರ 3.2 ಮಿಲಿಮೀಟರು, ಅಂಥ ಮೂರು ಸೇರಿದರೆ ಒಂದು ಇಟ್ಟಿಗೆ. ಹಿಂದಿನ ಅರ್ಧವನ್ನು ಒಂದು ಪ್ಲೇಟಿನಷ್ಟು ತಗ್ಗಿಸಿ, ಅಲ್ಲಿ ನೀರು ಬೀಳಲು ದೋಣಿ ಇಟ್ಟೆವು.

ಕೊನೆಗೆ ಎಲ್ಲ ಮುಗಿಯಿತು ಎಂದುಕೊಂಡಾಗ ಅಪ್ಪ ಒಳಗೋಡೆಯ ಒಂದು ಇಟ್ಟಿಗೆಯ ಮೇಲೆ ಬೆರಳಿಟ್ಟು, "ಇದನ್ನ ತೆಗೀರಿ" ಎಂದರು. ಅಲ್ಲಿ ಒಂದು ಗೂಡು ಇತ್ತಂತೆ. ಅಮ್ಮನ ಜಪಸರ, ದೀಪ ಇಡುವ ಗೂಡು. ಅದು ನಮಗೂ ನೆನಪಿತ್ತು, ಆದರೆ ನಾವು ಇನ್ನೂ ಒಂದು ವರಸೆ ಮೇಲೆ ಇರಬೇಕು ಎಂದುಕೊಂಡಿದ್ದೆವು.

"ಗೂಡು ಮೇಲೆ ಇಡ್ತಾರೆ. ನಾನು ಕೆಳಗಿಟ್ಟೆ. ಅವಳು ಗಿಡ್ಡ. ಅವಳ ಕೈಗೆ ಎಟುಕ್ಬೇಕಲ್ಲ."

ಅಮ್ಮ ತೀರಿಕೊಂಡು ಒಂಬತ್ತು ವರ್ಷ. ಅಪ್ಪ ಅವರ ಬಗ್ಗೆ ಮಾತಾಡುವುದು ಕಡಿಮೆ. ನಾವು ಆ ಇಟ್ಟಿಗೆ ತೆಗೆದು ಅಲ್ಲಿ ಒಂದು ಹಳದಿ ತುಂಡು ದೀಪ ಇಟ್ಟೆವು. ಯಾರೂ ಏನೂ ಹೇಳಲಿಲ್ಲ.

ಮಾರನೆಯ ದಿನ ಹೊರಡುವಾಗ ಆ ಮನೆಯನ್ನು ಅಂಟು ಹಾಕಿ ಗಟ್ಟಿ ಮಾಡಿಬಿಡೋಣವಾ ಎಂದು ಕೇಳಿದೆವು. "ಬೇಡ, ಹುಡುಗ್ರು ಬಿಚ್ಚಿ ಕಟ್ಲಿ, ಕಲೀತಾರೆ" ಎಂದರು. ಹಾಗೆಂದ ಮಾತ್ರಕ್ಕೆ ಅವರು ನಮ್ಮ ಹವ್ಯಾಸ ಒಪ್ಪಿದರು ಎಂದು ತಿಳಿಯಬೇಡಿ. ಪ್ರತಿ ಸಲ ಬೆಲೆ ಕೇಳುತ್ತಾರೆ, ಪ್ರತಿ ಸಲ ಹುಬ್ಬು ಏರಿಸುತ್ತಾರೆ. ಆದರೆ ಡಬ್ಬಿ ತರದೆ ಹೋದರೆ "ಎಲ್ಲಿ?" ಎಂದೂ ಕೇಳುತ್ತಾರೆ.

ಎಲ್ಲರೂ ಸೇರಿ ಕಟ್ಟಿದ ಪ್ರಧಾನಾಲಯ

ಹವ್ಯಾಸ ನಮ್ಮ ಚಾಪೆಯ ಮೇಲೆ ನಿಲ್ಲದೆ ನಾಲ್ಕು ಜನರ ನಡುವೆ ಹೋದರೆ ಏನಾಗುತ್ತದೆ ಎಂಬುದಕ್ಕೆ ದೊಡ್ಡ ಉದಾಹರಣೆ ಒಂದಿದೆ. ಇಂಗ್ಲೆಂಡಿನ ಡರಮ್ ಊರಿನಲ್ಲಿ 1093ರಲ್ಲಿ ಕಟ್ಟಲು ಶುರು ಮಾಡಿದ ಪ್ರಧಾನಾಲಯ ಇದೆ. ಅದರ ಹಳೆಯ ಕಟ್ಟಡಗಳನ್ನು ಸರಿಪಡಿಸಿ, ಅಲ್ಲಿನ ಅಮೂಲ್ಯ ವಸ್ತುಗಳನ್ನು ಜನರಿಗೆ ತೋರಿಸುವ ಯೋಜನೆಗೆ ಹಣ ಬೇಕಿತ್ತು. 2013ರಲ್ಲಿ ಅವರು ಲೆಗೊದಲ್ಲಿ ಆ ಪ್ರಧಾನಾಲಯದ ಮಾದರಿ ಕಟ್ಟಲು ಶುರು ಮಾಡಿದರು. ನೋಡಲು ಬಂದವರು ಒಂದು ಪೌಂಡ್ ಕೊಟ್ಟು ಒಂದು ಇಟ್ಟಿಗೆ ಸೇರಿಸಬಹುದು. 2016ರಲ್ಲಿ ಅದು ಮುಗಿದಾಗ ಮೂರು ಲಕ್ಷ ಇಟ್ಟಿಗೆ, ಮೂರು ಲಕ್ಷ ಪೌಂಡ್. ಮಾದರಿಯ ಉದ್ದ ಸುಮಾರು 3.8 ಮೀಟರು. ಮಕ್ಕಳು, ಪ್ರವಾಸಿಗಳು, ಊರಿನ ಮುದುಕರು ಎಲ್ಲರ ಕೈಯೂ ಅದರಲ್ಲಿದೆ. ಯಾವ ಇಟ್ಟಿಗೆ ಯಾರದ್ದು ಎಂದು ಈಗ ಹೇಳಲು ಬರುವುದಿಲ್ಲ, ಹೇಳುವ ಅಗತ್ಯವೂ ಇಲ್ಲ.

ನೀವೂ ಕೂತು ನೋಡಿ

ನಮ್ಮಲ್ಲಿ ಮೂರು ಲಕ್ಷ ಇಟ್ಟಿಗೆ ಇಲ್ಲ. ಆದರೆ ಎಷ್ಟೋ ಮನೆಗಳಲ್ಲಿ ಮಂಚದ ಕೆಳಗೆ ಒಂದು ಚೀಲ ಬಿಡಿ ತುಂಡುಗಳು ಬಿದ್ದಿರುತ್ತವೆ. ಸಂತ ಫ್ರಾನ್ಸಿಸ್ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಮೊದಲ ಗೋದಲಿಯನ್ನು ಜನರ ಕಣ್ಣಮುಂದೆ ಇಟ್ಟಾಗಿನಿಂದ, ನಾವು ಕ್ರಿಸ್ಮಸ್ಸಿಗೆ ಹುಲ್ಲು, ಮಣ್ಣು, ಕಾಗದ, ಸಿಕ್ಕಿದ್ದರಲ್ಲಿ ಗೋದಲಿ ಕಟ್ಟುತ್ತಾ ಬಂದಿದ್ದೇವೆ. ಈ ಸಲ ಯುವಕರು ಆ ಬಿಡಿ ತುಂಡುಗಳನ್ನೆಲ್ಲ ಒಂದು ಕಡೆ ಸೇರಿಸಿ, ಗೋದಲಿಯ ಸುತ್ತಲಿನ ಊರನ್ನು ಕಟ್ಟಬಹುದು. ಬೆತ್ಲೆಹೇಮ್ ಹೇಗಿತ್ತೋ ನಮಗೆ ಕಂಡಿಲ್ಲ. ನಿಮ್ಮ ಅಜ್ಜಿ ತಾತನ ಮನೆ ಹೇಗಿತ್ತು ಎಂದು ಕೇಳಿ ಕಟ್ಟಿ.

ಶುರು ಮಾಡುವವರಿಗೆ ನಮ್ಮ ಅನುಭವದ ನಾಲ್ಕು ಮಾತು.

ಬಣ್ಣದ ಪ್ರಕಾರ ವಿಂಗಡಿಸಬೇಡಿ, ಆಕಾರದ ಪ್ರಕಾರ ವಿಂಗಡಿಸಿ. ಕೆಂಪು ರಾಶಿಯಲ್ಲಿ ಸಣ್ಣ ತುಂಡು ಹುಡುಕುವುದು ಕಷ್ಟ, ಸಣ್ಣ ತುಂಡುಗಳ ರಾಶಿಯಲ್ಲಿ ಕೆಂಪು ಹುಡುಕುವುದು ಸುಲಭ. ಹಳೆಯ ಮಸಾಲೆ ಡಬ್ಬಿ ಇದಕ್ಕೆ ಬಹಳ ಒಳ್ಳೆಯದು.

ಹಳೆಯ ತುಂಡುಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಸೋಪು ಹಾಕಿ ತೊಳೆಯಿರಿ, ನೆರಳಲ್ಲಿ ಒಣಗಿಸಿ. ಕುದಿಯುವ ನೀರು ಬೇಡ. ನಮ್ಮ ಸೀಮೆಯ ಬಿಸಿಲಿಗೆ ಇಟ್ಟರೆ ಬಣ್ಣ ಕೆಡುತ್ತದೆ.

ಹೊಸದು ಕೊಳ್ಳುವಾಗ ಯಾವ ಕಂಪನಿ ಎಂಬುದಕ್ಕಿಂತ ಐಎಸ್‌ಐ ಗುರುತು ಇದೆಯೇ ನೋಡಿ. 2021ರ ಜನವರಿ 1ರಿಂದ ನಮ್ಮ ದೇಶದಲ್ಲಿ ಆಟಿಕೆಗಳಿಗೆ ಅದು ಕಡ್ಡಾಯ. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಣ್ಣ ತುಂಡು ಸಿಗದಿರಲಿ.

ಕೊನೆಯದು, ನಿಮ್ಮ ಮನೆಯಲ್ಲೋ ಧರ್ಮಕೇಂದ್ರದಲ್ಲೋ ಗಾರೆ ಕೆಲಸದವರು, ಬಡಗಿಗಳು, ಕಲ್ಲು ಕೆಲಸದವರು ಇದ್ದೇ ಇರುತ್ತಾರೆ. ಕಟ್ಟುವಾಗ ಅವರನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೊದಲು ನಗಬಹುದು, ಬೈಯಲೂಬಹುದು. ಸ್ವಲ್ಪ ಹೊತ್ತು ಕಾಯಿರಿ. ಅವರಾಗಿಯೇ ಕುರ್ಚಿ ಎಳೆದುಕೊಂಡು ಬರುತ್ತಾರೆ.